ಲಕ್ಷದ್ವೀಪದ ಕಡಲ ಹುಲ್ಲನ್ನು ಹಸಿರಾಮೆಗಳು ತಿಂದು ಮುಗಿಸಿದವೇ?

ಬಂದರುದಕ್ಕೆ:

ನಮ್ಮ ತಂದೆಯವರು ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳ ಸರಕಿನ ಲೆಕ್ಕ ಬರೆಯುತ್ತಿದ್ದರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಅಮಿನ್‌ದಿವಿ ದ್ವೀಪಗಳು 1956ರ ನವೆಂಬರ್‌ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಇಲ್ಲಿನ ಹಲವರಿಗೆ ಗೊತ್ತಿರಬಹುದು. ಆ ಹಳೆಯ ನಂಟಿನ ನೆಪದಲ್ಲಿ ಕಳೆದ ಚಳಿಗಾಲ ದ್ವೀಪಗಳಿಗೆ ಹೋಗಿದ್ದೆ. ಅಲ್ಲಿ ತಂದೆಯವರನ್ನು ಬಲ್ಲ ಒಬ್ಬ ಹಿರಿಯ ಮೀನುಗಾರರು ಸಿಕ್ಕಿದರು. ಮಾತಿನ ನಡುವೆ ಅವರು, "ಆಮೆ ಹೆಚ್ಚಾಯಿತು, ಪಾಚಿ ಹೋಯಿತು, ಪಾಚಿಯ ಹಿಂದೆ ಮೀನೂ ಹೋಯಿತು" ಎಂದರು. ಅವರು ಆಡಿದ್ದು ತಮ್ಮ ಭಾಷೆಯಲ್ಲಿ. ಮೇಲಿನ ಕನ್ನಡ ನನ್ನದು.

ಕಡಲಾಮೆ ಅಳಿವಿನಂಚಿನ ಪ್ರಾಣಿ, ಅದನ್ನು ಉಳಿಸಬೇಕು ಎಂದಷ್ಟೇ ಶಾಲೆಯಲ್ಲಿ ಕಲಿತವನು ನಾನು. ಅವರ ಮಾತನ್ನು ಮೊದಲು ಮೀನುಗಾರರ ಎಂದಿನ ದೂರು ಎಂದುಕೊಂಡೆ. ಆದರೆ ಅವರು ದೂರುವ ದನಿಯಲ್ಲಿ ಹೇಳಲಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿದರು. ಈ ವಿಷಯದಲ್ಲಿ ನಿಜವಾಗಿ ಸಂಶೋಧನೆ ನಡೆದಿದೆಯೇ? ನಡೆದಿದ್ದರೆ ಅದು ಏನು ಹೇಳುತ್ತದೆ? ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಕಾಳಿನದಿ:

ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಿದವನಾದ್ದರಿಂದ ಮೊದಲು ಒಂದು ಪದದ ಗೊಂದಲವನ್ನು ಬಿಡಿಸುತ್ತೇನೆ. ಅದನ್ನು ಬಿಡಿಸದೆ ಮುಂದೆ ಹೋದರೆ ಇಡೀ ಚರ್ಚೆ ದಾರಿ ತಪ್ಪುತ್ತದೆ.

ಕಡಲ ಪಾಚಿ ಬೇರೆ, ಕಡಲ ಹುಲ್ಲು ಬೇರೆ. ಪಾಚಿಗೆ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಅದು ಒಂದು ಹಿಡಿಕೆಯಿಂದ ಬಂಡೆಯನ್ನು ಕಚ್ಚಿ ನಿಲ್ಲುತ್ತದೆ ಮತ್ತು ತನಗೆ ಬೇಕಾದ ಪೋಷಕಾಂಶವನ್ನು ಮೈಯೆಲ್ಲದರಿಂದ ನೀರಿನಿಂದಲೇ ಹೀರುತ್ತದೆ. ಗೋಕರ್ಣ, ಮುರ್ಡೇಶ್ವರ, ಮಲ್ಪೆಯ ಬಂಡೆಗಳ ಮೇಲೆ ಮಳೆಗಾಲ ಕಳೆದ ಮೇಲೆ ಕಾಣುವ ಸರ್ಗಾಸಂ, ಉಲ್ವಾ, ಪಾಡಿನಾ ಎಲ್ಲವೂ ಪಾಚಿಗಳು. ಕಡಲ ಹುಲ್ಲಾದರೋ ನಿಜವಾದ ಹೂಬಿಡುವ ಸಸ್ಯ. ಅದಕ್ಕೆ ಮರಳಿನೊಳಗೆ ಹರಡುವ ಬೇರುಕಾಂಡವಿದೆ, ಅದರ ಹೂವು ಅರಳುವುದೂ ಪರಾಗ ಸೇರುವುದೂ ನೀರಿನೊಳಗೇ. ಹೆಸರು ಹುಲ್ಲಾದರೂ ಗರಿಕೆಯ ಬಳಗಕ್ಕೆ ಸೇರಿದ್ದಲ್ಲ. ಲಕ್ಷದ್ವೀಪದ ಥಲಾಸಿಯಾ ಎಂಬ ಕಡಲ ಹುಲ್ಲು ನಮ್ಮ ಕೆರೆಗಳಲ್ಲಿ ಬೆಳೆಯುವ ಹೈಡ್ರಿಲ್ಲಾದ ಕುಟುಂಬದ್ದು. ಜಗತ್ತಿನಲ್ಲಿರುವ ಕಡಲ ಹುಲ್ಲಿನ ಜಾತಿಗಳು ಸುಮಾರು 70 ಮಾತ್ರ, ಪಾಚಿಗಳಾದರೆ ಸಾವಿರಾರು.

ಬಂದರುದಕ್ಕೆಯವರ ಹಿರಿಯರು ಹೇಳಿದ್ದು ಬಹುಶಃ ಹುಲ್ಲಿನ ಬಗ್ಗೆ. ಈ ವ್ಯತ್ಯಾಸ ಬರೀ ಪಂಡಿತರ ಹಟವಲ್ಲ. ಹುಲ್ಲು ಹೋದ ಜಾಗದಲ್ಲಿ ಮರಳು ಸಡಿಲವಾಗುತ್ತದೆ, ಏಕೆಂದರೆ ಅದನ್ನು ಹಿಡಿದಿದ್ದ ಬೇರುಕಾಂಡವೇ ಇಲ್ಲವಾಗಿರುತ್ತದೆ. ಪಾಚಿ ಹೋದರೆ ಬಂಡೆ ಬಂಡೆಯಾಗಿಯೇ ಉಳಿಯುತ್ತದೆ, ಮುಂದಿನ ಋತುವಿನಲ್ಲಿ ಮತ್ತೆ ಚಿಗುರಲೂಬಹುದು.

ಕಡಲಪಾಠ:

ಕಾಳಿನದಿಯವರು ಬುನಾದಿ ಹಾಕಿಕೊಟ್ಟದ್ದು ಒಳ್ಳೆಯದಾಯಿತು. ಕಡಲ ಪರಿಸರ ವಿಜ್ಞಾನ ನನ್ನ ಪಾಠದ ವಿಷಯ. ಲಕ್ಷದ್ವೀಪದ ಈ ಸಂಶೋಧನೆಯನ್ನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಹೌದು, ಸಂಶೋಧನೆ ನಡೆದಿದೆ, ಅದೂ ನಮ್ಮ ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ತಂಡದಿಂದ. ರೋಹನ್ ಆರ್ಥರ್ ಮತ್ತು ಸ್ಪೇನಿನ ತೆರೆಸಾ ಅಲ್ಕೊವೆರೊ ಅವರು ಸಹೋದ್ಯೋಗಿಗಳೊಂದಿಗೆ ಈ ಶತಮಾನದ ಮೊದಲ ದಶಕದಿಂದಲೂ ಅಗತ್ತಿ ಮತ್ತಿತರ ದ್ವೀಪಗಳ ಲಗೂನುಗಳನ್ನು, ಅಂದರೆ ಹವಳದ ದಂಡೆ ಸುತ್ತುಗಟ್ಟಿರುವ ಆಳವಿಲ್ಲದ ನೀರನ್ನು, ಅಧ್ಯಯನ ಮಾಡುತ್ತ ಬಂದಿದ್ದಾರೆ. ಲಕ್ಷದ್ವೀಪದ ನೆಲ ಬರೀ 32 ಚದರ ಕಿಲೋಮೀಟರ್. ಲಗೂನುಗಳ ನೀರು ಸುಮಾರು 4,200 ಚದರ ಕಿಲೋಮೀಟರ್. ದ್ವೀಪದವರಿಗೆ ಹಿತ್ತಲು, ಗದ್ದೆ, ಗೋಮಾಳ ಎಲ್ಲವೂ ಆ ನೀರೇ.

ಹಸಿರು ಕಡಲಾಮೆ ಬೆಳೆದ ಮೇಲೆ ಬಹುಮಟ್ಟಿಗೆ ಸಸ್ಯಾಹಾರಿ. ಕಡಲಾಮೆಗಳಲ್ಲಿ ಈ ಗುಣ ಇದೊಂದಕ್ಕೇ ಇದೆ. ಹೆಸರಿನ ಹಸಿರು ಚಿಪ್ಪಿನದಲ್ಲ, ಒಳಗಿನ ಕೊಬ್ಬಿನ ಬಣ್ಣದಿಂದ ಬಂದದ್ದು. ಲಕ್ಷದ್ವೀಪದಲ್ಲಿ ಹಿಂದೆ ಆಮೆಯನ್ನು ಕೊಂದು ಅದರ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಕಡಲಾಮೆಗಳು ಸೇರಿದ ಮೇಲೆ ಬೇಟೆ ಕ್ರಮೇಣ ನಿಂತಿತು. ಆಮೆ ಪ್ರಾಯಕ್ಕೆ ಬರಲು ಇಪ್ಪತ್ತು ಮೂವತ್ತು ವರ್ಷ, ಕೆಲವೆಡೆ ಅದಕ್ಕಿಂತ ಹೆಚ್ಚು ಬೇಕು. ಹಾಗಾಗಿ ರಕ್ಷಣೆಯ ಫಲ ಕಣ್ಣಿಗೆ ಬೀಳಲು ಒಂದು ತಲೆಮಾರು ಹಿಡಿಯುತ್ತದೆ.

ಅಗತ್ತಿಯ ಲಗೂನಿನಲ್ಲಿ ಆಮೆಗಳು ಹಿಂಡುಹಿಂಡಾಗಿ ಮೇಯುತ್ತಿದ್ದುದನ್ನು ತಂಡ ದಾಖಲಿಸಿ 2010ರಲ್ಲಿ ಮೊದಲ ಪ್ರಬಂಧ ಪ್ರಕಟಿಸಿತು. ಆಮೆಗಳ ದಟ್ಟಣೆ ಹೆಚ್ಚಿದ್ದ ಕಡೆ ಹುಲ್ಲಿನ ಎಲೆ ಗಿಡ್ಡವಾಗಿತ್ತು, ಗಿಡಗಳ ದಟ್ಟಣೆ ಇಳಿದಿತ್ತು. 2013ರಲ್ಲಿ ಬಂದ ಪ್ರಬಂಧಗಳು ಇನ್ನೂ ಮುಂದೆ ಹೋದವು. ಲಗೂನಿನ ಹುಲ್ಲು ಬೆಳೆದದ್ದರಲ್ಲಿ ಬಹುಪಾಲು ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದಾಗ ಅದು ಆಮೆಗಳ ಹೊಟ್ಟೆಗೆ ಎಂದು ಕಂಡಿತು. ನಿಧಾನವಾಗಿ ಬೆಳೆದು ಬಹುಕಾಲ ನಿಲ್ಲುವ ಥಲಾಸಿಯಾ ಹೆಂಪ್ರಿಚಿ ಹಿಂದೆ ಸರಿದು, ಬೇಗ ಚಿಗುರುವ ಸೈಮೋಡೋಸಿಯಾ ರೊಟುಂಡಾಟಾ ಅದರ ಜಾಗಕ್ಕೆ ಬರುತ್ತಿತ್ತು. ದನ ಬಿಟ್ಟ ಬೇಣದಲ್ಲಿ ಮೆತ್ತನೆಯ ಹುಲ್ಲು ಹೋಗಿ ತುಳಿತ ತಾಳುವ ಹುಲ್ಲು ಉಳಿಯುವುದನ್ನು ಕಂಡವರಿಗೆ ಇದು ಹೊಸತಲ್ಲ.

2021ರಲ್ಲಿ ಮಯೂರೇಶ್ ಗಂಗಲ್ ಮತ್ತು ಸಂಗಡಿಗರು ದ್ವೀಪಸಮೂಹದ ಮಟ್ಟದ ಚಿತ್ರವನ್ನು ಕೊಟ್ಟರು. ಒಂದು ಲಗೂನಿನ ಹುಲ್ಲು ತೀರಿದಂತೆ ಆಮೆಗಳು ಇನ್ನೊಂದು ಲಗೂನಿಗೆ ಸರಿದವು, ಅಲ್ಲಿಯದೂ ತೀರಿತು, ಮತ್ತೆ ಮುಂದಕ್ಕೆ. ಹೀಗೆ ಒಂದಾದ ಮೇಲೊಂದರಂತೆ ಹುಲ್ಲುಗಾವಲುಗಳು, ಗಿಡ ಅಲ್ಲಲ್ಲಿ ಉಳಿದರೂ, ಹುಲ್ಲುಗಾವಲಾಗಿ ಮಾಡಬೇಕಾದ ಕೆಲಸವನ್ನು ಮಾಡಲಾರದ ಸ್ಥಿತಿಗೆ ಬಂದವು.

ಹಿರಿಯರ ಮಾತಿನ ಮೂರನೆಯ ಭಾಗಕ್ಕೂ, ಅಂದರೆ ಮೀನು ಹೋಯಿತು ಎಂಬುದಕ್ಕೂ, ಆಧಾರವಿದೆ. ಮೀನುಗಾರರ ಈ ದೂರನ್ನೇ ಎದುರಿಗಿಟ್ಟುಕೊಂಡು 2013ರಲ್ಲಿ ಪ್ರತ್ಯೇಕ ಅಧ್ಯಯನ ನಡೆಯಿತು. ಆಮೆ ಮೀನನ್ನು ತಿನ್ನುವುದಿಲ್ಲ. ಆದರೆ ಹುಲ್ಲಿನ ಮರೆ ಹೋದಾಗ ಆ ಮರೆಯಲ್ಲಿ ಮರಿ ಬೆಳೆಸುವ, ಅಡಗುವ, ಮೇಯುವ ಮೀನುಗಳ ಸಂಖ್ಯೆಯೂ ಬಗೆಗಳೂ ಕಡಿಮೆಯಾಗುತ್ತವೆ. ನಡುವಿನ ಕೊಂಡಿ ಹುಲ್ಲು. ಮೀನುಗಾರರಿಗೆ ಎರಡು ತುದಿಗಳು ಕಂಡಿದ್ದವು, ವಿಜ್ಞಾನಿಗಳು ನಡುವಿನದನ್ನು ಅಳೆದರು.

ಅನುಮಾನಿ:

ವಿವರಣೆಗೆ ಧನ್ಯವಾದಗಳು. ಆದರೂ ನನಗೆ ಇದು ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಅದೇ ವರ್ಷಗಳಲ್ಲಿ ಲಕ್ಷದ್ವೀಪದ ಕಡಲು ಬಿಸಿಯಾಗಿದೆ, 1998ರಲ್ಲೂ 2010ರಲ್ಲೂ 2016ರಲ್ಲೂ ಹವಳ ಬಿಳಿಚಿಕೊಂಡಿದೆ, 2017ರಲ್ಲಿ ಓಖಿ ಚಂಡಮಾರುತ ಬಡಿದಿದೆ, ಜನರ ವಾಸ ಹೆಚ್ಚಿ ಹೊಲಸು ನೀರು ಲಗೂನಿಗೆ ಸೇರುತ್ತಿದೆ. ಇಷ್ಟೆಲ್ಲ ಇರುವಾಗ ಹುಲ್ಲು ಹೋದದ್ದಕ್ಕೆ ಆಮೆಯೇ ಕಾರಣ ಎಂದು ಹೇಗೆ ಹೇಳುತ್ತೀರಿ? ಆಮೆ ಹೆಚ್ಚಾದ ಕಾಲಕ್ಕೇ ಹುಲ್ಲು ಕಡಿಮೆಯಾಯಿತು ಎಂಬುದು ಎರಡು ಘಟನೆಗಳು ಒಟ್ಟಿಗೆ ನಡೆದವು ಎಂಬುದಕ್ಕಷ್ಟೇ ಸಾಕ್ಷಿ.

ಇನ್ನೊಂದು ಮಾತು. ಇಂಥ ಸಂಶೋಧನೆಯನ್ನು ಹೀಗೆ ಬಿಡುಬೀಸಾಗಿ ಹೇಳಿದರೆ ನಾಳೆ ಯಾರಾದರೂ ಇದನ್ನೇ ಹಿಡಿದು ಆಮೆಯನ್ನು ರಕ್ಷಿತ ಪಟ್ಟಿಯಿಂದ ತೆಗೆಯಿರಿ ಎನ್ನುತ್ತಾರೆ.

ಕಡಲಪಾಠ:

ಮೊದಲನೆಯ ಪ್ರಶ್ನೆ ನ್ಯಾಯವಾದದ್ದು. ಕಡಲ ಹುಲ್ಲಿನ ಎಲೆ ಬುಡದಿಂದ ಬೆಳೆಯುತ್ತದೆ. ಸಂಶೋಧಕರು ಮುಳುಗಿ ಎಲೆಯ ಬುಡದಲ್ಲಿ ಸೂಜಿಯಿಂದ ಚುಚ್ಚಿ ಗುರುತು ಮಾಡುತ್ತಾರೆ. ಕೆಲವು ದಿನ ಬಿಟ್ಟು ನೋಡಿದರೆ ತೂತು ಎಷ್ಟು ಮೇಲೇರಿದೆಯೋ ಅಷ್ಟು ಹೊಸ ಬೆಳವಣಿಗೆ. ಎಲೆಯ ತುದಿ ಹೇಗೆ ಮುಗಿದಿದೆ ಎಂಬುದೂ ಕಥೆ ಹೇಳುತ್ತದೆ: ಆಮೆಯ ಗರಗಸದಂಥ ದವಡೆ ಕತ್ತರಿಸಿದ ಗುರುತು ಬೇರೆ, ಮೀನು ಕಚ್ಚಿದ ಅರ್ಧಚಂದ್ರ ಬೇರೆ, ಮುದಿಯಾಗಿ ಕೊಳೆತು ಉದುರಿದ ತುದಿ ಬೇರೆ. ಬೆಳೆದದ್ದು ಎಷ್ಟು, ಮೇಯ್ದದ್ದು ಎಷ್ಟು, ಯಾರು ಮೇಯ್ದರು ಎಂಬ ಮೂರೂ ಹೀಗೆ ಎಲೆಯ ಮೇಲೆಯೇ ದಾಖಲಾಗಿರುತ್ತವೆ. ಬಿಸಿಯಿಂದಲೋ ಹೊಲಸಿನಿಂದಲೋ ಹುಲ್ಲು ಸತ್ತಿದ್ದರೆ ಈ ಲೆಕ್ಕ ಬೇರೆಯಾಗಿಯೇ ಬರುತ್ತದೆ.

ಇನ್ನೊಂದು ದಾರಿ ಬೇಲಿ. ಹುಲ್ಲಿನ ಒಂದು ತುಣುಕಿಗೆ ಆಮೆ ನುಗ್ಗದ ಹಾಗೆ ಪಂಜರ ಹಾಕಿ, ಪಕ್ಕದಲ್ಲಿ ಹಾಗೆಯೇ ಬಿಟ್ಟ ತುಣುಕಿನೊಂದಿಗೆ ಹೋಲಿಸುವುದು. ನೀರಿನ ಬಿಸಿ, ಕೊಳೆ, ಅಲೆ ಎರಡಕ್ಕೂ ಒಂದೇ. ವ್ಯತ್ಯಾಸ ಆಮೆಯದು ಮಾತ್ರ. ಅಟ್ಲಾಂಟಿಕ್‌ನ ಬರ್ಮುಡಾದಲ್ಲಿ ಹೀಗೆ ಮಾಡಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಂಜರದೊಳಗಿನ ಹುಲ್ಲು ಚೇತರಿಸಿತು, ಹೊರಗಿನದು ಹಾಗೇ ಇತ್ತು. ಇಂಡೊನೇಷ್ಯಾದ ದೆರಾವನ್ ದ್ವೀಪದಲ್ಲಿ ಇನ್ನೂ ವಿಚಿತ್ರ ಕಂಡಿತು. 2014ರ ವರದಿಯ ಪ್ರಕಾರ ಎಲೆ ಸಾಲದಾದಾಗ ಅಲ್ಲಿನ ಆಮೆಗಳು ಮುಂಗಾಲುಗಳಿಂದ ಮರಳು ಕೆದಕಿ ಬೇರುಕಾಂಡವನ್ನೇ ಕಿತ್ತು ತಿನ್ನಲಾರಂಭಿಸಿದ್ದವು. ಬಿತ್ತನೆಗಿಟ್ಟ ಬೀಜವನ್ನು ಅಡುಗೆಗೆ ತೆಗೆದ ಹಾಗೆ.

ಕಡಲು ಬಿಸಿಯಾಗುತ್ತಿರುವುದು ಸುಳ್ಳಲ್ಲ, ಅದು ಹುಲ್ಲಿನ ಚೇತರಿಕೆಯನ್ನು ಕಷ್ಟವಾಗಿಸುತ್ತದೆ ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ದ್ವೀಪಗಳೆಲ್ಲ ಒಂದೇ ಬಿಸಿಗೆ ಸಿಕ್ಕಿದ್ದರೂ ಹುಲ್ಲು ಎಲ್ಲೆಡೆ ಒಮ್ಮೆಗೇ ಹೋಗಲಿಲ್ಲ, ಆಮೆಗಳು ಹೋದ ಹಾದಿಯಲ್ಲೇ ಹೋಯಿತು.

ಎರಡನೆಯ ಮಾತಿಗೆ ಆಮೇಲೆ ಬರುತ್ತೇನೆ, ತರಗತಿಗೆ ಹೊತ್ತಾಯಿತು.

ಟೊಂಕದಮನೆ:

ನಾವು ಹೊನ್ನಾವರದ ಕಡೆಯ ಮೀನುಗಾರ ಮನೆಯವರು. ನಮ್ಮ ಕಾಸರಕೋಡ ಟೊಂಕದ ಮರಳಿಗೆ ಪ್ರತಿ ವರ್ಷ ಆಮೆ ಬಂದು ಮೊಟ್ಟೆ ಇಡುತ್ತದೆ; ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಕಟ್ಟುತ್ತಾರೆ, ಊರ ಹುಡುಗರೇ ಕಾವಲು ಇರುತ್ತಾರೆ. ನಮ್ಮಲ್ಲಿ ಆಮೆಯನ್ನು ದೇವರೆಂದು ಕಾಣುವವರು ಇದ್ದಾರೆ. ಬಲೆಗೆ ಬಿದ್ದರೆ ಬಿಡಿಸಿ ಕೈಮುಗಿದು ನೀರಿಗೆ ಬಿಡುವುದನ್ನು ನನ್ನ ಅಜ್ಜ ಮಾಡುತ್ತಿದ್ದರು. ನೀವೆಲ್ಲ ಹೇಳುವುದನ್ನು ಓದಿದರೆ ನಮ್ಮ ಆಮೆಯೂ ನಾಳೆ ಮೀನಿಗೆ ಕುತ್ತು ತರುತ್ತದೆಯೇ ಎಂಬ ಯೋಚನೆ ಬಂತು. ನಮ್ಮ ಕಡಲಲ್ಲಿ ನೀವು ಹೇಳುವಂಥ ಹುಲ್ಲನ್ನು ನಾನಂತೂ ಕಂಡಿಲ್ಲ, ಬಂಡೆಯ ಪಾಚಿ ಮಾತ್ರ ಕಂಡಿದ್ದೇನೆ.

ಕಾಳಿನದಿ:

ಟೊಂಕದಮನೆಯವರೇ, ಆ ಭಯ ಬೇಡ. ನಿಮ್ಮ ದಂಡೆಗೆ ಬರುವುದು ಆಲಿವ್ ರಿಡ್ಲೆ, ಅದರ ಊಟವೇ ಬೇರೆ. ಏಡಿ, ಸಿಗಡಿ, ಚಿಪ್ಪುಜೀವಿ, ಅಂಬಲಿಮೀನು (ಜೆಲ್ಲಿಫಿಶ್), ಸಿಕ್ಕರೆ ಒಂದಿಷ್ಟು ಪಾಚಿ ಹೀಗೆ ಎಲ್ಲವನ್ನೂ ತಿನ್ನುತ್ತದೆ. ಭಾರತದ ಕಡಲಲ್ಲಿರುವ ಐದು ಜಾತಿಗಳಲ್ಲಿ ಗಿಡುಗ ಮೂಗಿನ ಆಮೆಗೆ ಹೆಚ್ಚಾಗಿ ಸ್ಪಂಜುಗಳು ಬೇಕು, ತೊಗಲು ಬೆನ್ನಿನ ದೊಡ್ಡ ಆಮೆಗೆ ಅಂಬಲಿಮೀನು ಬೇಕು, ದೊಡ್ಡ ತಲೆಯ ಲಾಗರ್‌ಹೆಡ್ ಗಟ್ಟಿ ಚಿಪ್ಪುಗಳನ್ನು ಒಡೆದು ತಿನ್ನುತ್ತದೆ. ಹುಲ್ಲು ಮೇಯುವುದು ಹಸಿರಾಮೆಯೊಂದೇ. ಆಮೆ ಎಂಬ ಒಂದೇ ಪದದಡಿ ಐದು ಬಗೆಯ ಬದುಕುಗಳನ್ನು ತುಂಬಿದ್ದೇವೆ, ಪಾಚಿ ಎಂಬ ಪದದಡಿ ಹುಲ್ಲನ್ನೂ ಸೇರಿಸಿದ ಹಾಗೆ.

ಹುಲ್ಲು ಕಾಣದಿರುವುದಕ್ಕೂ ಕಾರಣವಿದೆ. ಕಡಲ ಹುಲ್ಲಿಗೆ ತಿಳಿನೀರು, ಬಿಸಿಲು, ಅಲುಗಾಡದ ಮರಳು ಬೇಕು. ಶರಾವತಿ, ಅಘನಾಶಿನಿ, ಕಾಳಿ ಮುಂಗಾರಿನಲ್ಲಿ ಕೆಂಪು ನೀರು ತಂದು ಸುರಿಯುವ, ನಾಲ್ಕು ತಿಂಗಳು ಅಲೆ ಬಡಿಯುವ ನಮ್ಮ ತೆರೆದ ಕರಾವಳಿಯಲ್ಲಿ ಲಗೂನಿನಂಥ ವಿಶಾಲ ಹುಲ್ಲುಗಾವಲು ನಿಲ್ಲುವುದು ಕಷ್ಟ. ಬಂಡೆ ಕಚ್ಚಿದ ಪಾಚಿಗೆ ಆ ಚಿಂತೆಯಿಲ್ಲ. ಮಳೆಗಾಲದಲ್ಲಿ ಸವೆದು ಹೋಗಿ ಅಕ್ಟೋಬರ್ ನಂತರ ಮತ್ತೆ ಬರುತ್ತದೆ.

ಹೊನೊಲುಲುವಾಸಿ:

ಹವಾಯಿಯಲ್ಲಿ ನೆಲೆಸಿರುವ ಕನ್ನಡಿಗ ನಾನು, ವಿಜ್ಞಾನಿಯಲ್ಲ. ಇಲ್ಲಿನ ಹಸಿರಾಮೆಗಳು ಹುಲ್ಲಿಗಿಂತ ಪಾಚಿಯನ್ನೇ ಹೆಚ್ಚು ತಿನ್ನುತ್ತವೆ ಎಂಬುದನ್ನು ಸೇರಿಸಬಯಸುತ್ತೇನೆ. ಇಲ್ಲಿ ಅವಕ್ಕೆ ಹೊನು ಎನ್ನುತ್ತಾರೆ. ದಂಡೆಯ ಬಂಡೆಗಳ ಮೇಲೆ ಪಾಚಿ ಕೆರೆದು ತಿನ್ನುವುದನ್ನು ಮೊಣಕಾಲುದ್ದ ನೀರಿನಲ್ಲಿ ನಿಂತೇ ನೋಡಬಹುದು.

ಇಲ್ಲಿನ ವಿಶೇಷವೆಂದರೆ ಹೊರಗಿನಿಂದ ಬಂದ ಪಾಚಿಗಳು. ಅಕಾಂತೊಫೊರಾ ಸ್ಪೈಸಿಫೆರಾ ಎಂಬ ಕೆಂಪು ಪಾಚಿ 1950ರ ಸುಮಾರಿಗೆ ಗುವಾಮ್‌ನಿಂದ ಬಂದ ಒಂದು ದೋಣಿಯ ತಳಕ್ಕೆ ಅಂಟಿಕೊಂಡು ಬಂತೆಂದು ಹೇಳುತ್ತಾರೆ. ಮೊದಲು ಆಮೆಗಳು ಅದನ್ನು ಅಷ್ಟಾಗಿ ಮುಟ್ಟಲಿಲ್ಲ, ಕಾಲಕ್ರಮೇಣ ಅದೇ ಅವುಗಳ ಮುಖ್ಯ ಆಹಾರಗಳಲ್ಲಿ ಒಂದಾಯಿತು. ಜಾರ್ಜ್ ಬಲಾಜ್ ಎಂಬ ವಿಜ್ಞಾನಿ ದಶಕಗಳ ಕಾಲ ಇಲ್ಲಿನ ಆಮೆಗಳನ್ನು ಹಿಂಬಾಲಿಸಿ ಈ ಬದಲಾವಣೆಯನ್ನು ದಾಖಲಿಸಿದರು. ಆಮೆಗಳ ಮೈಮೇಲೆ ಗಡ್ಡೆಗಳೇಳುವ ರೋಗ ಹೆಚ್ಚಾಗುವುದಕ್ಕೂ ಕೊಳೆನೀರಿನಲ್ಲಿ ಕೊಬ್ಬಿದ ಈ ಪಾಚಿಗಳಿಗೂ ನಂಟಿದೆ ಎಂಬ ವಾದವೂ ಬಂತು, ಅದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಲಕ್ಷದ್ವೀಪದ ಆಮೆಗಳು ಹುಲ್ಲು ಮುಗಿದ ಮೇಲೆ ಪಾಚಿಗೆ ಹೊರಳಬಾರದೇಕೆ ಎಂಬುದು ನನ್ನ ಕುತೂಹಲ.

ಕಡಲಪಾಠ:

ಹೊನೊಲುಲುವಾಸಿಗಳ ಪ್ರಶ್ನೆ ಸೊಗಸಾಗಿದೆ. ಹಸಿರಾಮೆಗೆ ಹಸುವಿನಂತೆ ಮೆಲುಕು ಹಾಕುವ ಹೊಟ್ಟೆಯಿಲ್ಲ. ಕುದುರೆಯಂತೆ ಕರುಳಿನ ಹಿಂಭಾಗದಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುತ್ತವೆ. ಇದನ್ನು ತೋರಿಸಿಕೊಟ್ಟವರು ಅಮೆರಿಕದ ಕೆರೆನ್ ಬ್ಯೋರ್ನ್‌ಡಾಲ್. ಹುಲ್ಲಿನ ಸೆಲ್ಯುಲೋಸನ್ನು ಒಡೆಯುವ ಸೂಕ್ಷ್ಮಜೀವಿಗಳ ಬಳಗವೇ ಬೇರೆ, ಪಾಚಿಯ ಅಂಟುಸಕ್ಕರೆಗಳನ್ನು ಒಡೆಯುವ ಬಳಗವೇ ಬೇರೆ. ಆದ್ದರಿಂದ ಒಂದಕ್ಕೆ ಒಗ್ಗಿದ ಕರುಳು ಇನ್ನೊಂದಕ್ಕೆ ಹೊರಳಲು ಸಮಯ ಬೇಕು. ಹೊರಳುವುದೇ ಇಲ್ಲವೆಂದಲ್ಲ, ಗಲಪಗೋಸ್‌ನ ಹಸಿರಾಮೆಗಳೂ ಉಲ್ವಾದಂಥ ಪಾಚಿಯಿಂದಲೇ ಹೊಟ್ಟೆ ಹೊರೆಯುತ್ತವೆ. ಆದರೆ ಮರಳಿನ ತಳದ ಲಗೂನಿನಲ್ಲಿ ಹುಲ್ಲು ಹೋದರೆ ಅಷ್ಟೇ ಪಾಚಿ ಬೆಳೆಯಲು ಕಚ್ಚಿಕೊಳ್ಳುವ ಬಂಡೆಯಾದರೂ ಬೇಕಲ್ಲ. ಪಕ್ಕದ ದ್ವೀಪಕ್ಕೆ ಈಜುವುದು ಆಮೆಗೆ ಅದಕ್ಕಿಂತ ಸುಲಭ.

ಬ್ಯೋರ್ನ್‌ಡಾಲ್ ಅವರದೇ ಇನ್ನೊಂದು ಅವಲೋಕನ ಇಲ್ಲಿ ಮುಖ್ಯ. ಬಹಾಮಾಸ್‌ನಲ್ಲಿ ಆಮೆಗಳು ಹುಲ್ಲಿನ ಒಂದು ತುಂಡನ್ನು ಆರಿಸಿಕೊಂಡು ಅದನ್ನೇ ಮತ್ತೆ ಮತ್ತೆ ಮೇಯುತ್ತಿದ್ದವು ಎಂದು ಅವರು 1980ರಲ್ಲಿ ಬರೆದರು. ಎಳೆಯ ಎಲೆಯಲ್ಲಿ ಸತ್ವ ಹೆಚ್ಚು, ನಾರು ಕಡಿಮೆ. ಚಹಾ ತೋಟದಲ್ಲಿ ಚಿಗುರು ಕೊಯ್ದಷ್ಟೂ ಚಿಗುರು ಬರುವಂತೆ, ಆಮೆ ತನ್ನ ಹೊಲವನ್ನು ತಾನೇ ಹದ ಮಾಡಿಕೊಳ್ಳುತ್ತದೆ. ಮಿತವಾದ ಮೇವು ಹುಲ್ಲಿಗೆ ಕೇಡಲ್ಲ. ಆಮೆಗಳ ಸಂಖ್ಯೆ ಹುಲ್ಲಿನ ಚಿಗುರುವ ವೇಗವನ್ನು ದಾಟಿದಾಗ ಈ ಲೆಕ್ಕ ಕೈಕೊಡುತ್ತದೆ.

ಅನುಮಾನಿ:

ಎಲೆಯ ತುದಿಯ ಸಾಕ್ಷ್ಯವನ್ನು ಒಪ್ಪಿದೆ. ಹಾಗಾದರೆ ನನ್ನ ಎರಡನೆಯ ಮಾತಿಗೆ ಬನ್ನಿ. 2025ರ ಅಕ್ಟೋಬರಿನಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಹಸಿರಾಮೆಯನ್ನು ಅಳಿವಿನಂಚಿನ ವರ್ಗದಿಂದ ಕನಿಷ್ಠ ಕಾಳಜಿಯ ವರ್ಗಕ್ಕೆ ಇಳಿಸಿದ್ದಾರೆ. ಇದೂ ಆಯಿತು, ನಿಮ್ಮ ಸಂಶೋಧನೆಯೂ ಇದೆ. ಇನ್ನು ಹಿಡಿಯಲು ಬಿಡಿ ಎಂದು ಕೇಳುವವರಿಗೆ ನಿಮ್ಮ ಉತ್ತರವೇನು?

ಕಡಲಪಾಠ:

ಬಿಡಬಾರದು ಎಂಬುದು ನನ್ನ ಉತ್ತರ, ಕಾರಣ ಭಾವುಕತೆಯಲ್ಲ.

ಐಯುಸಿಎನ್‌ನ ಬದಲಾವಣೆ ಜಗತ್ತಿನ ಒಟ್ಟು ಲೆಕ್ಕ. 1970ರ ದಶಕದಿಂದೀಚೆಗೆ ಹಸಿರಾಮೆಗಳ ಸಂಖ್ಯೆ ಸುಮಾರು 28 ಪ್ರತಿಶತ ಏರಿದೆ ಎಂಬ ಅಂದಾಜಿನ ಮೇಲೆ ಅದು ನಿಂತಿದೆ. ಹಳೆಯ ಕಾಲದ ಸಂಖ್ಯೆಗೆ ಹೋಲಿಸಿದರೆ ಇಂದಿಗೂ ಅವು ಕಡಿಮೆಯೇ. ಇಲ್ಲಿಯೇ ವಿಷಯ ಜಟಿಲವಾಗುವುದು. ಕೊಲಂಬಸ್ ಬರುವ ಮುಂಚೆ ಕೆರಿಬಿಯನ್ ಕಡಲಲ್ಲಿ ಕೋಟಿಗಟ್ಟಲೆ ಹಸಿರಾಮೆಗಳಿದ್ದವು ಎಂದು ಅಂದಾಜಿಸುವ ವಿಜ್ಞಾನಿಗಳಿದ್ದಾರೆ. ಅಷ್ಟೊಂದು ಆಮೆಗಳಿದ್ದೂ ಹುಲ್ಲು ಉಳಿದಿತ್ತು ಎಂದರೆ, ಈಗ ನಾವು ಕಾಣುವ ಎತ್ತರದ ದಟ್ಟ ಹುಲ್ಲೇ ಆಮೆಗಳನ್ನು ಕೊಂದುಹಾಕಿದ ಮೇಲೆ ಬೆಳೆದ ಅಸಹಜ ಸ್ಥಿತಿಯಾಗಿರಬಹುದು, ಗಿಡ್ಡ ಹುಲ್ಲೇ ಮೂಲ ಸ್ಥಿತಿಯಾಗಿರಬಹುದು. ಬರ್ಮುಡಾದವರು 1620ರಲ್ಲೇ ಮರಿ ಆಮೆಗಳನ್ನು ಕೊಲ್ಲಬಾರದೆಂದು ಕಾನೂನು ಮಾಡಿದ್ದರು. ಅಂದರೆ ಅಷ್ಟು ಹೊತ್ತಿಗಾಗಲೇ ಅವು ಕಡಿಮೆಯಾಗುತ್ತಿರುವುದು ಅವರ ಕಣ್ಣಿಗೆ ಬಿದ್ದಿತ್ತು.

ಆದರೆ ಆ ಹಳೆಯ ಕಡಲಲ್ಲಿ ಆಮೆಗಳ ಜೊತೆಗೆ ಶಾರ್ಕ್‌ಗಳೂ ಇದ್ದವು. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಮೈಕೆಲ್ ಹೀಥಾಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಮಾಡಿದ ಅಧ್ಯಯನದಲ್ಲಿ ಒಂದು ಸೂಕ್ಷ್ಮ ಹೊರಬಿತ್ತು. ಹುಲಿ ಶಾರ್ಕ್‌ಗಳು ತಿರುಗುವ ಕಾಲದಲ್ಲಿ ಮೈಕಟ್ಟು ಚೆನ್ನಾಗಿರುವ ಆಮೆಗಳು ಒಳ್ಳೆಯ ಮೇವಿರುವ ದಿಬ್ಬದ ನಡುವನ್ನು ಬಿಟ್ಟು, ಆಳಕ್ಕೆ ಓಡಿ ತಪ್ಪಿಸಿಕೊಳ್ಳಲು ಅನುಕೂಲವಾದ ಅಂಚಿನಲ್ಲಿ ಮೇಯುತ್ತವೆ. ಬಡಕಲಾದವು ಮಾತ್ರ ಜೀವ ಒತ್ತೆಯಿಟ್ಟು ನಡುವೆಗೆ ಹೋಗುತ್ತವೆ. ಶಾರ್ಕ್ ಒಂದೊಂದೇ ಆಮೆಯನ್ನು ತಿಂದು ಹುಲ್ಲನ್ನು ಕಾಯುವುದಿಲ್ಲ, ಭಯ ಹುಟ್ಟಿಸಿ ಕಾಯುತ್ತದೆ. ಲಕ್ಷದ್ವೀಪದಲ್ಲಾಗಲಿ ನಮ್ಮ ಕರಾವಳಿಯಲ್ಲಾಗಲಿ ರೆಕ್ಕೆಗೂ ಮಾಂಸಕ್ಕೂ ಶಾರ್ಕ್‌ಗಳನ್ನು ಎಷ್ಟು ಹಿಡಿದಿದ್ದೇವೆ ಎಂಬುದನ್ನು ನಾನು ಹೇಳಬೇಕಿಲ್ಲ. ಕಾವಲುಗಾರನನ್ನು ತೆಗೆದು ಮೇಯುವವನನ್ನು ಮಾತ್ರ ಉಳಿಸಿದರೆ ಹೊಲದ ಗತಿ ಏನಾಗಬೇಕೋ ಅದು ಆಗಿದೆ. ಈಗ ಮೇಯುವವನನ್ನೂ ಹೊಡೆಯಿರಿ ಎಂದರೆ ತಪ್ಪಿನ ಮೇಲೆ ತಪ್ಪು. ಜೊತೆಗೆ, ಇಂದು ಅಗತ್ತಿಯಲ್ಲಿ ಮೇಯುವ ಆಮೆ ಮೊಟ್ಟೆಯಿಡುವುದು ನೂರಾರು ಕಿಲೋಮೀಟರ್ ದೂರದ ಇನ್ನಾವುದೋ ದಂಡೆಯಲ್ಲಿರಬಹುದು. ಇಲ್ಲಿ ಹೊಡೆದದ್ದರ ನಷ್ಟ ಯಾರ ಲೆಕ್ಕಕ್ಕೆ ಬೀಳುತ್ತದೆ ಎಂಬುದು ಹೊಡೆದವನಿಗೆ ತಿಳಿಯುವುದೇ ಇಲ್ಲ.

ನನ್ನ ಆಕ್ಷೇಪ ಬೇರೆ ಕಡೆಗಿದೆ. ಆಮೆ ಎಣಿಸುವುದಕ್ಕೆ ಇರುವ ಉತ್ಸಾಹ ಹುಲ್ಲು ಅಳೆಯುವುದಕ್ಕೆ ಇಲ್ಲ. ಗೂಡು, ಮೊಟ್ಟೆ, ಮರಿ ಇವು ಚಿತ್ರಕ್ಕೆ ಚೆನ್ನ. ಮಂತ್ರಿಗಳು ಮರಿ ಬಿಡುವ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಹುಲ್ಲಿನ ಎಲೆಗೆ ಸೂಜಿ ಚುಚ್ಚುವವರ ಫೋಟೊ ಯಾರು ಹಾಕುತ್ತಾರೆ? ಮೀನುಗಾರರು ಇದನ್ನು ಮೊದಲೇ ಕಂಡಿದ್ದರೂ ಆಮೆದ್ವೇಷಿಗಳು ಎಂಬ ಒಂದೇ ಮಾತಿನಲ್ಲಿ ಅವರ ಬಾಯಿ ಮುಚ್ಚಿಸಿದರೆ, ಹುಲ್ಲಿನ ಸ್ಥಿತಿ ತಿಳಿಯುವ ಅತಿ ಹಳೆಯ ದಾಖಲೆಯನ್ನೇ ಕಳೆದುಕೊಳ್ಳುತ್ತೇವೆ.

ಟೊಂಕದಮನೆ:

ಸರ್, ಕೊನೆಯ ಸಾಲುಗಳನ್ನು ಮನೆಯಲ್ಲಿ ಓದಿ ಹೇಳಿದೆ. ಇನ್ನೊಂದು ಪ್ರಶ್ನೆ ಇದೆ. ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಕಳೆ, ಅಂದರೆ ಕಡಲ ಪಾಚಿ, ಕೃಷಿ ಮಾಡಿ ಎಂದು ನಮ್ಮ ಹೆಂಗಸರ ಸಂಘಗಳಿಗೆ ಹೇಳುತ್ತಿದ್ದಾರೆ. ಲಕ್ಷದ್ವೀಪದಲ್ಲೂ ಶುರುವಾಗಿದೆ ಎಂದು ಕೇಳಿದ್ದೇನೆ. ಆಮೆಗಳು ಅದನ್ನು ತಿನ್ನುವುದಿಲ್ಲವೇ?

ಕಾಳಿನದಿ:

ತಿನ್ನುತ್ತವೆ. ಇಂಡೊನೇಷ್ಯಾ, ಪೂರ್ವ ಆಫ್ರಿಕಾ ಕಡೆಯ ಪಾಚಿ ಬೆಳೆಗಾರರಿಗೆ ಮೊಲಮೀನು ಮತ್ತು ಹಸಿರಾಮೆಗಳ ಕಾಟ ಹಳೆಯದು. ಹುಲ್ಲು ತೀರಿದ ಲಗೂನಿನಲ್ಲಿ ಹಗ್ಗಕ್ಕೆ ಗ್ರಾಸಿಲೇರಿಯಾ ಎಂಬ ಪಾಚಿಯ ಎಳೆಯ ತುಂಡು ಕಟ್ಟಿ ತೇಲಬಿಟ್ಟರೆ ಹಸಿದ ಆಮೆಗೆ ಎಲೆ ಹಾಕಿ ಬಡಿಸಿದಂತೆ. ಸುತ್ತ ಬಲೆ ಕಟ್ಟಬೇಕಾಗುತ್ತದೆ, ಬಲೆಗೆ ಆಮೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ನಿಮ್ಮ ಕಡೆ ಹಸಿರಾಮೆಯ ಹಿಂಡಿಲ್ಲ, ನಿಮಗಿರುವ ತೊಡಕು ಮುಂಗಾರು: ಜೂನ್‌ಗೆ ಮುಂಚೆ ಹಗ್ಗ, ಬಿದಿರು ಎಲ್ಲ ದಡಕ್ಕೆ ಬರಬೇಕು, ನದಿಬಾಯಿಯ ಹತ್ತಿರವಿದ್ದರೆ ಮಳೆಯ ಸಿಹಿನೀರಿಗೆ ಪಾಚಿ ಕೊಳೆಯುತ್ತದೆ.

ಯಾವ ಪಾಚಿ ಎಂಬುದನ್ನು ಮಾತ್ರ ಕೇಳಿಯೇ ಒಪ್ಪಿ. ಕಪ್ಪಾಫೈಕಸ್ ನಮ್ಮ ನಾಡಿನದಲ್ಲ. ಕ್ಯಾರಾಗೀನನ್ ಎಂಬ ಅಂಟಿಗಾಗಿ ತಂದದ್ದು. ತಮಿಳುನಾಡಿನ ಮಂಡಪಂ ಕಡೆ ಅದನ್ನು ಬೆಳೆಸಿದ ಮೇಲೆ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳದ ಮೇಲೆ ಅದು ಹಬ್ಬಿಕೊಂಡದ್ದು 2008ರಲ್ಲಿ ವರದಿಯಾಯಿತು. ಹವಾಯಿಯ ಕಥೆ ಈಗಷ್ಟೇ ಓದಿದಿರಿ. ಗ್ರಾಸಿಲೇರಿಯಾದಂಥ ಇಲ್ಲಿಯದೇ ಜಾತಿಯಾದರೆ ಆ ಅಪಾಯ ಕಡಿಮೆ.

(ಕಳೆ ಎಂಬ ಪದವೇ ನನಗೆ ಹಿಡಿಸುವುದಿಲ್ಲ ಎಂದು ಸುಮ್ಮನೆ ಹೇಳಿಬಿಡುತ್ತೇನೆ. ಬೆಳೆಯೆಂದು ಬಿತ್ತಿ ಕಳೆಯೆಂದು ಕರೆಯುವುದು ಯಾವ ನ್ಯಾಯ?)

ಬಂದರುದಕ್ಕೆ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಆ ಹಿರಿಯರಿಗೆ ಫೋನ್ ಮಾಡಿ, ಹೋದದ್ದು ಬಂಡೆಯ ಮೇಲಿನದೋ ಮರಳಿನೊಳಗೆ ಬೇರಿರುವುದೋ ಎಂದು ಕೇಳಿದೆ. ಅವರು ನಕ್ಕುಬಿಟ್ಟರು. ಅವರ ಮಾತಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರುಗಳಿವೆಯಂತೆ, ಆ ದಿನವೂ ಅವರು ಸರಿಯಾದ ಹೆಸರನ್ನೇ ಹೇಳಿದ್ದರಂತೆ. ಎರಡನ್ನೂ ಪಾಚಿ ಎಂದು ಕನ್ನಡಕ್ಕೆ ತಂದುಕೊಂಡವನು ನಾನು. ಅವರ ಹುಡುಗುತನದಲ್ಲಿ ಹುಲ್ಲು ಕಣಕಾಲು ಮುಚ್ಚುತ್ತಿತ್ತು, ಬಲೆ ಎಳೆದರೆ ಅರ್ಧ ಹುಲ್ಲೇ ಬರುತ್ತಿತ್ತು ಎಂದು ಬೈದುಕೊಳ್ಳುತ್ತಿದ್ದರಂತೆ. ಈಗ ಬಲೆ ಖಾಲಿ ಮರಳನ್ನು ಬಾಚಿಕೊಂಡು ಬರುತ್ತದೆ ಎಂದರು.

ಕಡಲಪಾಠ:

ಬಂದರುದಕ್ಕೆಯವರೇ, ಸಾಧ್ಯವಾದರೆ ಅವರಿಂದ ಒಂದು ಉಪಕಾರವಾಗಲಿ. ಲಗೂನಿನ ನಕ್ಷೆಯೊಂದನ್ನು ಕಳುಹಿಸುತ್ತೇನೆ. ಯಾವ ಮೂಲೆಯಲ್ಲಿ ಹುಲ್ಲು ಯಾವಾಗಿನವರೆಗೆ ಇತ್ತು ಎಂದು ಅವರ ನೆನಪಿಗೆ ಬಂದಂತೆ ಗುರುತು ಹಾಕಿಸಿಕೊಡಿ. ಇಸವಿ ನೆನಪಿಲ್ಲದಿದ್ದರೆ ಮಗನ ಮದುವೆ, ಹೊಸ ದೋಣಿ ಇಳಿಸಿದ ವರ್ಷ ಎಂದು ಬರೆದರೂ ಸಾಕು. ಎರಡೂ ಗಿಡಗಳ ಹೆಸರುಗಳನ್ನು ಅವರು ಉಚ್ಚರಿಸಿದ ಹಾಗೆಯೇ ಬರೆದುಕೊಳ್ಳಿ, ದಯವಿಟ್ಟು ಕನ್ನಡಕ್ಕೆ ತರಬೇಡಿ.